ಮೂರನೆಯ ನೀರು

ಇಳಕಲ್ಲಿನಲ್ಲಿ ಬೆಳ್ಳಿಗೆ ಬಂಗಾರದ ನೀರು ಹಾಕುವ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೊಗಳಲಿ ಎಂದು ಕಾಯುವ ತಾಳ್ಮೆ ನನಗಿಲ್ಲ. ಹುನಗುಂದ, ಗುಳೇದಗುಡ್ಡದವರೂ ನನ್ನ ಅಂಗಡಿಗೇ ಬರುತ್ತಾರೆ. ಕಲಿಸಿದವನು ಅಪ್ಪ. ಹೆಣ್ಣುಮಗಳಿಗೆ ಆಸಿಡ್ಡಿನ ಸಹವಾಸ ಯಾಕೆ ಎಂದು ಸೋದರತ್ತೆ ಮೂಗು ಮುರಿದಾಗ, "ಒಲೀ ಮುಂದ ಕುಂತ್ರ ಕೈ ಸುಡೂದಿಲ್ಲೇನು?" ಎಂದು ಬಾಯಿ ಮುಚ್ಚಿಸಿದ್ದ.

ಹೇಳಲು ಸುಲಭದ ಕೆಲಸ. ಬೆಳ್ಳಿಯನ್ನು ಆಸಿಡ್ಡಿನಲ್ಲಿ ಅದ್ದಿ ಕೊಳೆ ತೆಗೆದು, ತಾಮ್ರದ ತಂತಿಗೆ ಕಟ್ಟಿ, ಬಂಗಾರದ ದ್ರಾವಣಕ್ಕೆ ಇಳಿಸಿ ಕರೆಂಟು ಕೊಟ್ಟರೆ ಬಣ್ಣ ಏರುತ್ತದೆ. ಆದರೆ ಆ ದ್ರಾವಣದಲ್ಲಿ ಸೈನೈಡ್ ಇರುತ್ತದೆ. ಅದಕ್ಕೇ ತೊಳೆಯಲು ಮೂರು ಬೋಗುಣಿ ನೀರು. ಮೊದಲನೆಯದನ್ನು ಚೆಲ್ಲುವುದಿಲ್ಲ, ಅದರಲ್ಲಿ ಬಂಗಾರವೂ ಉಳಿದಿರುತ್ತದೆ, ವಿಷವೂ ಉಳಿದಿರುತ್ತದೆ. ಎರಡನೆಯದರಲ್ಲಿ ತೊಳೆದು, ಮೂರನೆಯ ಬಿಸಿನೀರಿನಲ್ಲಿ ಜಾಲಾಡಿದ ಮೇಲೆಯೇ ವಸ್ತು ಗಿರಾಕಿಯ ಕೈಗೆ.

ಹಿಂದಿನ ಓಣಿಯ ಅಜ್ಜ ಒಬ್ಬರು ತಮ್ಮ ಬೆಳ್ಳಿಯ ಕರಡಿಗೆ ತಂದರು. ಅದರೊಳಗಿನ ಇಷ್ಟಲಿಂಗ ಮೈಯಿಂದ ದೂರವಾಗುವಂತಿಲ್ಲ. ಹಾಗಾಗಿ ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು, ಖಾಲಿ ಕರಡಿಗೆ ನನ್ನ ಮುಂದಿಟ್ಟರು.

"ಮುಚ್ಚಳದ ಒಳಗೂ ಬಂಗಾರದ ನೀರ ಹಾಕಬೇ ಯವ್ವಾ. ಅದರಾಗನ ನಾ ತೀರ್ಥಾ ತಗೊಳ್ಳಾಂವ."

"ಎರಡ ದಿನಾ ಬಿಟ್ಟ ಬರ್ರಿ ಅಜ್ಜಾರ."

"ಎರಡ ದಿನಾ! ಈ ಗಂಟ ಬಿಚ್ಚಿದ್ರ ಏನ ಗತಿ ಅಂತ ಎದಿ ಢವಢವ ಅಂತೈತಿ."

ಆ ಎರಡು ದಿನದಲ್ಲಿ ನಾಲ್ಕು ಸಲ ಬಂದು ಇಣುಕಿದರು. ನಾಲ್ಕನೆಯ ಸಲ ನಾನು ಗದರಿಸಿಯೇ ಕಳಿಸಿದೆ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬಣ್ಣ ಏರಿತು. ಎಂಥ ಬಣ್ಣ! ಬೆಳಕಿನಲ್ಲಿ ನೋಡುವ ಆಸೆಗೆ ಮೊದಲನೆಯ ಬೋಗುಣಿಯನ್ನು ಬಾಗಿಲ ಹತ್ತಿರ ಇಟ್ಟು, ಕರಡಿಗೆಯನ್ನು ಅದರಲ್ಲಿ ಮುಳುಗಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಒಳಗೆ ಹೋಗಿ ಇನ್ವರ್ಟರ್ ಹಾಕಿ ಬರುವುದರೊಳಗೆ ಬೋಗುಣಿಯಲ್ಲಿ ನೀರಷ್ಟೇ ಇತ್ತು, ಕರಡಿಗೆ ಇರಲಿಲ್ಲ.

"ಅಜ್ಜಾರು ಒಯ್ದ್ರಲ್ಲ" ಎಂದಳು ಎದುರಿನ ಹೂವಿನಾಕೆ. "ಪೂಜಿ ಹೊತ್ತಾತಂತ, ಧೋತರದಾಗ ಒರಸಿಕೊಂಡ ಹೋದ್ರು."

ಚಪ್ಪಲಿ ಬಿಟ್ಟು ಓಡಿದೆ. ಅಜ್ಜನ ಸೊಸೆ ಬಾಗಿಲಲ್ಲೇ ಅಡ್ಡ ನಿಂತಳು. "ಪೂಜಿಗೆ ಕುಂತಾರ್ರಿ, ಈಗ ಮಾತಾಡಂಗಿಲ್ಲ." ಅವಳನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ. ಅಜ್ಜನ ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಮುಚ್ಚಳ, ಮುಚ್ಚಳ ತುಟಿಯ ಹತ್ತಿರ. ಮಾತಿಗಿಂತ ಮೊದಲು ಕೈ ಬೀಸಿದೆ. ಮುಚ್ಚಳ ಹಾರಿ ಗೋಡೆಗೆ ಬಡಿಯಿತು. ಅಜ್ಜ ಲಿಂಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನನ್ನನ್ನು ಸುಡುವಂತೆ ನೋಡಿದರು.

"ಅದರಾಗ ವಿಷ ಐತ್ರಿ! ಕುಡದ್ರೇನು? ಎಷ್ಟ ಕುಡದ್ರಿ?"

ಪೂಜೆಯ ನಡುವೆ ಅವರು ಮಾತಾಡುವವರಲ್ಲ. ಮುಷ್ಟಿ ತೆರೆದು ಲಿಂಗ ನೋಡಿಕೊಂಡರು, ಕಣ್ಣು ಮುಚ್ಚಿದರು, ತುಟಿ ಅಲ್ಲಾಡಿಸತೊಡಗಿದರು. ಸೊಸೆ ಆಟೋ ಕರೆಯಲು ಓಡಿದಳು. ನನಗೆ ಸಿಟ್ಟು ನೆತ್ತಿಗೇರಿತು, ಸಾಯುವ ಹೊತ್ತಿನಲ್ಲೂ ಇದೆಂಥ ಹಟ ಇವರದು! ಆಮೇಲೆ ಅಲ್ಲೇ ನೆಲದ ಮೇಲೆ ಕೂತೆ. ನನ್ನ ಕೈಯಾರೆ ಒಂದು ಜೀವ ಹೋಗುತ್ತಿದೆ ಎಂದು ಗಟ್ಟಿಯಾಗಿ ಅತ್ತೆ.

ಅಜ್ಜ ಪೂಜೆ ಮುಗಿಸಿ ಕಣ್ಣು ತೆರೆದರು.

"ಒಂದ ಹನಿನೂ ಒಳಗ ಹೋಗಿಲ್ಲ. ಆದ್ರ ಲಿಂಗಾ ಕೈ ಜಾರಿ ಬಿದ್ದಿತ್ತಂದ್ರ ನಾ ಜೀವಾ ಇಟ್ಕೋತಿದ್ದಿಲ್ಲ, ತಿಳೀತಿಲ್ಲೋ?"

"ಆ ನೀರ ಕುಡದಿದ್ರ ಅದೂ ನಿಮ್ಮ ಜೀವಾ ಇಡ್ತಿದ್ದಿಲ್ರಿ!"

ಅಜ್ಜ ಲಿಂಗವನ್ನು ಮತ್ತೆ ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. "ಹೇಳದ ಕೇಳದ ತಂದಾಂವ ನಾನು. ತಪ್ಪು ನಂದ" ಎಂದರು.

"ಅಲ್ರಿ. ವಿಷದ ನೀರ ಬಾಗಲಾಗ ಇಟ್ಟಾಕಿ ನಾನು."

ಗಿರಾಕಿಯ ಮುಂದೆ ತಪ್ಪು ಒಪ್ಪಿಕೊಂಡದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಸೊಸೆ ಕರೆತಂದ ಆಟೋ ವಾಪಸು ಕಳಿಸಿ, ಅವರ ಕೈಬಾಯಿ ತೊಳೆಸಿ, ನೆಲ ಒರೆಸಿ, ನೆಗ್ಗಿದ ಮುಚ್ಚಳ ಮತ್ತು ಕರಡಿಗೆ ಎತ್ತಿಕೊಂಡು ಬಂದೆ.

ಮರುದಿನ ಅಜ್ಜನನ್ನು ಅಂಗಡಿಯೊಳಗೆ ಕೂರಿಸಿ, ಅವರ ಕಣ್ಣೆದುರೇ ನೆಗ್ಗು ತೆಗೆದು ಮತ್ತೆ ಬಣ್ಣ ಏರಿಸಿದೆ. ಮೂರು ನೀರೂ ಆದವು. ಒರೆಸಿ ಅವರ ಮುಂದೆ ಹಿಡಿದೆ. ಅಜ್ಜ ಕೈ ಚಾಚಲಿಲ್ಲ. ಮುಚ್ಚಳವನ್ನೇ ನೋಡುತ್ತ ಕೂತರು. ಅವರ ಅಂಜಿಕೆ ತಪ್ಪೇನಲ್ಲ.

ಕೊಡದಿಂದ ಕುಡಿಯುವ ನೀರು ತೆಗೆದು ಮುಚ್ಚಳದ ತುಂಬ ಹಾಕಿದೆ. ಎಂಜಲಾಗದ ಹಾಗೆ ಅರ್ಧ ನೀರನ್ನು ಮೇಲಿಂದ ನನ್ನ ಅಂಗೈಗೆ ಸುರಿದುಕೊಂಡು ಕುಡಿದೆ. ನನ್ನ ಮೂರನೆಯ ನೀರು ನನಗೆ ಗೊತ್ತು. ಅಜ್ಜ ಎದ್ದು ನಿಂತರು, ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಉಳಿದರ್ಧವನ್ನು ಕುಡಿದರು.