ಅಕ್ಕನಿಗೆ ಮಡಚಲು ಕೊಡದ ಪುಸ್ತಕ

ಬೆಳಗಿನ ಐದು ಗಂಟೆ. ಅಡುಗೆಮನೆಯ ಕಿಟಕಿಗೆ ಒತ್ತಿ ಹಾಕಿದ ಮೇಜಿನ ಮೇಲೆ ಒಂದು ಮಸಿ ಬಾಟಲಿ, ಹಿಡಿ ಮುರಿದ ಲೋಟದಲ್ಲಿ ನೀರು, ಹಳೆಯ ಬನಿಯನ್ನಿನ ಚಿಂದಿ. ಚೌಕದಮ್ಮ ನಿಬ್ಬನ್ನು ಮಸಿಗೆ ಅದ್ದಿ, ಬಾಟಲಿಯ ಅಂಚಿಗೆ ಒಮ್ಮೆ ತಾಗಿಸಿ, ಉಸಿರು ಹಿಡಿಯುತ್ತಾರೆ. ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಗೀಚಿದ ಐದು ಚೌಕಗಳಿವೆ. ಒಳಗೆ ಇನ್ನೂ ಯಾರೂ ಹುಟ್ಟಿಲ್ಲ. ಮೊದಲು ಬರುವುದು ಮಾತು. ಅಕ್ಷರ ಬರೆದು, ಅದರ ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಮನುಷ್ಯರನ್ನು ಕೂರಿಸುವುದು ಅವರ ಪದ್ಧತಿ.

“ಮುಖ ಮೊದಲು ಬರೆದ್ರೆ ಮಾತಿಗೆ ಜಾಗ ಸಿಗಲ್ಲ. ನಮ್ಮ ಒತ್ತಕ್ಷರ ಸುಮ್ನೆ ಕೂರೋದಲ್ಲ ನೋಡಿ, ಕೆಳಗಿನ ಸಾಲಿಗೆ ಕಾಲು ಚಾಚತ್ತೆ. ನನ್ನ ಮೊದಲನೇ ಪುಸ್ತಕದಲ್ಲಿ ಒಬ್ಬನ ನೆತ್ತಿ ಮೇಲೇ ಒಂದು ಒತ್ತು ಇಳಿದುಬಿಟ್ಟಿತ್ತು. ಜನ ಜುಟ್ಟು ಅಂದ್ಕೊಂಡ್ರು.”

ಚೌಕದಮ್ಮ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಯಾವಾಗ ಇಣುಕಿದರೂ ಚೌಕ ಹಾಕುತ್ತಿರುತ್ತಾರೆ, ಅದಕ್ಕೆ. ವಯಸ್ಸು ನಲವತ್ತನಾಲ್ಕು. ಹನ್ನೆರಡು ವರ್ಷಗಳಿಂದ ಕಾಮಿಕ್ಸ್ ಪುಸ್ತಕ ಮಾಡುತ್ತಿದ್ದಾರೆ. ಕಥೆ ಅವರದೇ, ಚಿತ್ರ ಅವರದೇ, ಅಕ್ಷರ ಅವರದೇ, ಮಾರುವ ಬಾಯಿಯೂ ಅವರದೇ. ಇದುವರೆಗೆ ಒಂಬತ್ತು ಪುಸ್ತಕ. ಒಂದಕ್ಕೆ ಹದಿನಾರು ಪುಟ, ಎಂಬತ್ತರ ಆಸುಪಾಸು ಚೌಕ, ಏಳೆಂಟು ವಾರ. ಒಂದು ಬೆಳಗಿಗೆ ಎರಡು ಚೌಕ ಮುಗಿದರೆ ಆ ದಿನ ಒಳ್ಳೆಯದು. ಒಂಬತ್ತಕ್ಕೆ ಜೆರಾಕ್ಸ್ ಅಂಗಡಿಯ ಕೆಲಸ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅದೇ ಯಂತ್ರದಲ್ಲಿ ಅವರ ಪುಸ್ತಕವೂ ಅಚ್ಚಾಗುತ್ತದೆ. ಅಂಗಡಿಯ ಯಜಮಾನರ ತಕರಾರು ಒಂದೇ: “ನಿಮ್ಮ ಕಥೇಲಿ ರಾತ್ರಿ ಸ್ವಲ್ಪ ಕಮ್ಮಿ ಮಾಡಿ ತಾಯಿ. ಕಪ್ಪು ಪುಡಿಯೆಲ್ಲ ಅದಕ್ಕೇ ಖಾಲಿಯಾಗುತ್ತೆ.”

ಭಾನುವಾರ ಗ್ರಂಥಾಲಯದ ಮುಂದಿನ ಫುಟ್‌ಪಾತಿನಲ್ಲಿ ಮಡಚುವ ಮೇಜು ಹಾಕಿ ಕೂರುತ್ತಾರೆ. ಒಂದು ಭಾನುವಾರ ಐದು ಗಂಟೆ ಕೂತು ಒಂದೇ ಒಂದು ಪ್ರತಿ ಮಾರಿದರು. ಅರ್ಧ ಗಂಟೆಯಲ್ಲಿ ಅದೂ ವಾಪಸ್ ಬಂತು. “ಮಗೂಗೆ ಅಂತ ತಗೊಂಡೆ, ಇದ್ರಲ್ಲಿ ಯಾರೂ ನಗೋದೇ ಇಲ್ವಲ್ಲ” ಎಂದರು ತಂದವರು. ನೆಂಟರ ಮನೆಗಳಲ್ಲಿ ಚೌಕದಮ್ಮ ಇಂದಿಗೂ ‘ಮದುವೆ ಮಾಡ್ಕೊಳ್ದೆ ಬೊಂಬೆ ಬರೀತಾ ಕೂತೋಳು’. ಖುಷಿಯ ದಿನಗಳೂ ಇಲ್ಲವೆಂದಲ್ಲ. ಅವರ ಇರುವೆಗಳ ಕಥೆಯ ಪುಸ್ತಕದ ಕೊನೆಯ ಪುಟವನ್ನು ಒಬ್ಬ ಬಸ್ ಡ್ರೈವರ್ ತನ್ನ ಸೀಟಿನ ಎದುರು ಅಂಟಿಸಿಕೊಂಡಿದ್ದನಂತೆ. “ಆ ಬಸ್ಸಲ್ಲಿ ಎರಡು ಸಲ ಟಿಕೆಟ್ ತಗೊಂಡು ಸುಮ್‌ಸುಮ್ನೆ ಹೋಗ್ಬಂದೆ. ಬರೆದೋಳು ನಾನೇ ಅಂತ ಹೇಳಕ್ಕೆ ನಾಚಿಕೆ.”

ಇಷ್ಟು ಮಾತು ಸಲೀಸಾಗಿ ಬರುತ್ತದೆ. ಎಂಟನೇ ಪುಸ್ತಕದ ಹೆಸರೆತ್ತಿದರೆ ಚೌಕದಮ್ಮ ನಿಬ್ಬು ತೊಳೆಯಲು ಏಳುತ್ತಾರೆ. ಆಗಲೇ ತೊಳೆದಿಟ್ಟ ನಿಬ್ಬು.

ಆ ಪುಸ್ತಕದ ಹೆಸರು ‘ಕತ್ತರಿ ಅತ್ತೆ’. ಅದರ ಸಂಗತಿ ಹೇಳಬೇಕಾದರೆ ಮೊದಲು ಅಕ್ಕನನ್ನು ಹೇಳಬೇಕು. ಅಕ್ಕ ಒಂಬತ್ತು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ಶಾಲೆ ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆಗೆ ಬಟ್ಟೆ ಕತ್ತರಿಸಲು ಸೇರಿದರು. ಆ ಕತ್ತರಿಯಲ್ಲೇ ತಂಗಿಯನ್ನು ಓದಿಸಿದರು. ಮೊದಲ ಪುಸ್ತಕದಿಂದಲೂ ಹಾಳೆ ಮಡಚಿ, ಒಂದರೊಳಗೊಂದು ಸೇರಿಸಿ, ಬೆನ್ನಿಗೆ ಪಿನ್ನು ಹೊಡೆಯುವ ಕೆಲಸ ಅಕ್ಕನದೇ. ಮುನ್ನೂರು ಪ್ರತಿಗೆ ಸಾವಿರದ ಇನ್ನೂರು ಹಾಳೆ. ಓದುತ್ತಿರಲಿಲ್ಲ. ಓದಲು ಕೂತರೂ ತಲೆಬುಡ ತಿಳಿಯುತ್ತಿರಲಿಲ್ಲ ಅನ್ನಿ. ಹಾಳೆಯ ಒಂದು ಬದಿಯಲ್ಲಿ ಒಂದನೇ ಪುಟ, ಅದರ ಮಗ್ಗುಲಲ್ಲೇ ಹದಿನಾರನೆಯದು. ತಿರುಗಿಸಿದರೆ ಎರಡು ಮತ್ತು ಹದಿನೈದು. “ನಿನ್ನ ಕಥೇಲಿ ಹುಟ್ಟೋದೂ ಸಾಯೋದೂ ಒಂದೇ ಕಾಗದದಲ್ಲಿ ಇರುತ್ತಲ್ಲೇ” ಎಂದು ನಗುತ್ತಿದ್ದರು.

ಏಳನೇ ಪುಸ್ತಕ ಮಾರನೆಯ ದಿನವೇ ಫುಟ್‌ಪಾತಿಗೆ ಹೋಗಬೇಕಿತ್ತು. ತಂಗಿಗೆ ಕಣ್ಣು ಎಳೆಯುತ್ತಿತ್ತು. “ನೀನು ಮಲಗು ಪುಟ್ಟಿ” ಎಂದು ಅಕ್ಕ ಒಬ್ಬರೇ ಕೂತು ಬೆಳಗಿನವರೆಗೆ ಮಡಚಿದರು. ಹಾಗೆಯೇ ಎದ್ದು ಕಾರ್ಖಾನೆಗೆ ಹೋದರು. ಆರ್ಡರಿನ ಒತ್ತಡ, ಅಂದು ಭಾನುವಾರವೂ ಕೆಲಸ.

ಕೋಟಿನ ಬಟ್ಟೆಯನ್ನು ಪದರ ಪದರವಾಗಿ ಹಾಸುವಾಗ ಒಂದರ ಮುಖ, ಅಂದರೆ ಹೊರಮೈ, ಮೇಲೆ, ಇನ್ನೊಂದರದು ಕೆಳಗೆ ಬರಬೇಕು. ಆಗ ಒಂದೇ ಅಚ್ಚು ಇಟ್ಟು ಕತ್ತರಿಸಿದರೂ ಅರ್ಧ ಎಡತೋಳು, ಅರ್ಧ ಬಲತೋಳು. ಅಕ್ಕ ಅಂದು ನಿದ್ದೆಗಣ್ಣಿನಲ್ಲಿ ಎಲ್ಲವನ್ನೂ ಮುಖ ಮೇಲಾಗಿಯೇ ಹಾಸಿದರು. ನೂರ ನಲವತ್ತು ತೋಳು, ಒಂದೂ ಬಲಗೈಯದಲ್ಲ. ಒಳಮೈ ಬೇರೆ ಬಣ್ಣದ ಬಟ್ಟೆಯಾದ್ದರಿಂದ ತಿರುಗಿಸಿ ಹೊಲಿಯುವ ಹಾಗೂ ಇರಲಿಲ್ಲ. ಮೂವತ್ತೈದು ವರ್ಷದ ಕತ್ತರಿಯನ್ನು ಅಂದೇ ಕೆಳಗಿಟ್ಟು ಬಂದರು. ಆಮೇಲೆ ಊರಿನ ಇನ್ನೊಂದು ಕಡೆ, ಯಾರಿಗೂ ಪರಿಚಯವಿಲ್ಲದ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸ ಸಿಕ್ಕಿತು. ನಡೆದದ್ದನ್ನು ಹೇಳಿಕೊಂಡದ್ದು ತಂಗಿಯ ಮುಂದೆ ಮಾತ್ರ, ಅದೂ ಗೋಡೆಗೆ ಮುಖ ಮಾಡಿ.

“ಅವಳು ಅಳ್ತಾ ಹೇಳ್ತಿದ್ಲು. ನನಗೆ ಚೌಕ ಕಾಣಿಸ್ತಿತ್ತು” ಎನ್ನುತ್ತಾರೆ ಚೌಕದಮ್ಮ. “ರಾಶಿ ರಾಶಿ ಎಡತೋಳು, ಮಧ್ಯದಲ್ಲಿ ಒಬ್ಬಳು ದಪ್ಪ ಹೆಂಗಸು ಬಲಗೈ ತೂರಿಸಕ್ಕೆ ಒದ್ದಾಡ್ತಿರೋದು. ನಗು ಬಂತು. ಅವಳ ಬೆನ್ನು ಸವರ್ತಾ ಇದ್ದೆ, ಒಳಗೆ ನಗು.”

ಪುಸ್ತಕದ ಕತ್ತರಿ ಅತ್ತೆ ನಿದ್ದೆಗೆಡುವುದು ಟಿವಿ ಧಾರಾವಾಹಿ ನೋಡಿ. ಅಕ್ಕತಂಗಿಯರ ಮನೆಯಲ್ಲಿ ಟಿವಿಯೇ ಇಲ್ಲ.

“ಪುಸ್ತಕ ಮಡಚಿ ನಿದ್ದೆಗೆಟ್ಲು ಅಂತ ಬರೆದಿದ್ರೆ ಯಾರೂ ನಗ್ತಿರಲಿಲ್ಲ. ಬರೆಯೋವಾಗ ಅದು ನನಗೆ ಚೆನ್ನಾಗೇ ಗೊತ್ತಿತ್ತು. ಗೊತ್ತಿಲ್ದೆ ಮಾಡಿದ್ದಲ್ಲ.”

ಗೊತ್ತಿದ್ದಕ್ಕೆ ಇನ್ನೊಂದು ಸಾಕ್ಷಿಯೂ ಇದೆ. ಆ ಪುಸ್ತಕವೊಂದನ್ನು ಮಾತ್ರ ಅವರು ಮಡಚಲು ಮನೆಗೆ ತರಲಿಲ್ಲ. ಬೈಂಡಿಂಗ್ ಅಂಗಡಿಗೆ ಕೊಟ್ಟು, “ನಿನಗೆ ಬೆರಳು ನೋಯುತ್ತಲ್ಲಕ್ಕ, ಇದೊಂದ್ಸಲ ಇರ್ಲಿ” ಎಂದರು. ತಂಗಿಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದು ಅಕ್ಕ ಪಕ್ಕದ ಮನೆಯವರಲ್ಲೆಲ್ಲ ಹೇಳಿಕೊಂಡು ಬಂದರು.

ಹನ್ನೆರಡು ವರ್ಷದಲ್ಲಿ ಮೊದಲ ಸಲ ಫುಟ್‌ಪಾತಿನ ಮೇಜಿನ ಮುಂದೆ ಸಾಲು ನಿಂತಿತು. ಒಮ್ಮೆ ಎಣಿಸಿದಾಗ ಹದಿನೇಳು ಜನ. ಮೂರು ಭಾನುವಾರದಲ್ಲಿ ಮುನ್ನೂರೂ ಮುಗಿದವು. ಸೋಮವಾರ ಒಬ್ಬ ಪುಸ್ತಕದಂಗಡಿಯವರು ಇನ್ನೂ ಐನೂರು ಬೇಕೆಂದರು. ಚೌಕದಮ್ಮ ಅಂದು ಮನೆಗೆ ಬಂದಾಗ ಅಕ್ಕ ಜಗಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ‘ಕತ್ತರಿ ಅತ್ತೆ’.

“ಕಾರ್ಖಾನೇಲಿ ಚಹಾ ಹೊತ್ತಲ್ಲಿ ಒಬ್ಬಳು ತಂದು ಎಲ್ಲರಿಗೂ ಓದಿದ್ಲು. ಚೆನ್ನಾಗಿ ಓದ್ತಾಳೆ, ದನಿ ಎಲ್ಲ ಮಾಡಿ” ಎಂದರು ಅಕ್ಕ. “ಎಲ್ಲರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ ಪುಟ್ಟಿ. ನಗದೇ ಇದ್ರೆ ಗೊತ್ತಾಗ್ಬಿಡ್ತಿತ್ತಲ್ಲ.”

ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ನಾನು ಟಿವಿ ನೋಡ್ತೀನೇನೇ?”

ಮಾರನೆಯ ದಿನ ಚೌಕದಮ್ಮ ಪುಸ್ತಕದಂಗಡಿಗೆ ಹೋಗಿ ಐನೂರು ಪ್ರತಿ ಆಗುವುದಿಲ್ಲ ಎಂದು ಹೇಳಿ ಬಂದರು. ಸುದ್ದಿ ತಿಳಿದ ಅಕ್ಕ, “ನಿಲ್ಲಿಸು ಅಂತ ಯಾರು ಹೇಳಿದ್ರು ನಿಂಗೆ? ಅಚ್ಚು ಹಾಕು. ಆ ಟಿವಿ ತೆಗಿ” ಎಂದರು. ಅದರ ಮುಂದಿನ ವಾರ ಹೊಸ ಕಾರ್ಖಾನೆಯಲ್ಲಿ, ಅದೇ ಚಹಾ ಹೊತ್ತಿನಲ್ಲಿ, ಆ ಕತ್ತರಿ ಅತ್ತೆ ನಾನೇ ಎಂದು ತಾವಾಗಿಯೇ ಹೇಳಿಬಿಟ್ಟರಂತೆ. ಈ ಲೇಖನಕ್ಕೆ ಒಪ್ಪಿಗೆ ಕೇಳಿದಾಗಲೂ ಅಕ್ಕನದು ಒಂದೇ ಮಾತು: “ನನ್ನ ತಪ್ಪು ಊರಿಗೇ ಗೊತ್ತಾಯ್ತು. ಅವಳದನ್ನ ಅವಳು ಹೇಳ್ಕೊಳ್ಳಿ.”

ಟಿವಿ ತೆಗೆಯುವುದು ಒಂದು ಪುಟದ ಕೆಲಸ. ಅದಕ್ಕೆ ಐದು ತಿಂಗಳು ಹಿಡಿಯಿತು. ಆ ಪುಟದಲ್ಲಿ ಈಗ ಅತ್ತೆ ದೀಪದ ಕೆಳಗೆ ಹಾಳೆ ಮಡಚುತ್ತಿದ್ದಾಳೆ, ಹಿಂದೆ ಚಾಪೆಯ ಮೇಲೆ ಒಬ್ಬಳು ಹೊದ್ದು ಮಲಗಿದ್ದಾಳೆ. ಮಲಗಿದವಳ ಮುಖವನ್ನು ಹೊದಿಕೆಯಲ್ಲಿ ಮುಚ್ಚಿಬಿಡುವ ಆಸೆ ಎಷ್ಟೋ ಸಲ ಆಯಿತಂತೆ. ಆರನೇ ಸಲಕ್ಕೆ ಮುಖ ತೆರೆದು ಬರೆದರು. ಐನೂರು ಪ್ರತಿ ಮನೆಗೇ ಬಂದವು. ಅಕ್ಕ ಕನ್ನಡಕ ಹಾಕಿಕೊಂಡು, ನಾಲ್ಕು ಹಾಳೆಗಳನ್ನೂ ಹಿಂದೆ ಮುಂದೆ ತಿರುಗಿಸಿ ಪೂರ್ತಿ ಓದಿದರು. “ಬಾಯಿ ತೆರ್ಕೊಂಡು ಮಲಗ್ತೀಯ ನೀನು. ಇದರಲ್ಲಿ ಮುಚ್ಚಿದೀಯ” ಎಂದರು. ಮಡಚಲು ಕೂತರು.

ಒಂಬತ್ತನೆಯದನ್ನೂ ಹಾಗೆಯೇ, ಓದಿ ಆಮೇಲೆ ಮಡಚಿದರು. ಮನೆಯಲ್ಲಿ ಜಗಳವಿಲ್ಲ, ಮುನಿಸಿಲ್ಲ. ಆದರೆ ದಿನವೂ ಸಂಜೆ ಕಾರ್ಖಾನೆಯಲ್ಲಿ ಯಾರು ಯಾರಿಗೆ ಏನಂದರು ಎಂದು ನಡೆದು ತೋರಿಸಿ, ನಕ್ಕು ನಗಿಸುತ್ತಿದ್ದ ಅಕ್ಕ ಈಗ ಬಂದು ಕೈಕಾಲು ತೊಳೆದು ಸುಮ್ಮನೆ ಕೂರುತ್ತಾರೆ. ಮೊನ್ನೆ ಮಾತ್ರ ಚಪ್ಪಲಿ ಬಿಡುತ್ತಲೇ, “ಇವತ್ತು ನಮ್ಮ ಮೇಸ್ತ್ರಿ ಏನ್ ಮಾಡ್ದ ಗೊತ್ತೇನೇ” ಎಂದು ಶುರು ಮಾಡಿದರು. ಚೌಕದಮ್ಮನ ಕೈಯಲ್ಲಿ ಪೆನ್ಸಿಲ್ ಇತ್ತು. ಅಕ್ಕನ ಕಣ್ಣು ಅದರ ಮೇಲೆ ಬಿತ್ತು. “ಏನಿಲ್ಲ ಬಿಡು. ಊಟಕ್ಕೆ ಏನಿದೆ?”

ಮುಂದೆ ಏನಾಗಬೇಕೆಂಬ ಆಸೆ ಎಂದು ಕೇಳಿದರೆ, ದೊಡ್ಡ ಪ್ರಕಾಶಕರು, ಬಣ್ಣದ ಪುಟಗಳು ಎಂಬ ಉತ್ತರ ಬರುತ್ತದೆಂದು ಯಾರಾದರೂ ನಿರೀಕ್ಷಿಸಬಹುದು. ಚೌಕದಮ್ಮ ಪೆನ್ಸಿಲ್ ಕೆಳಗಿಡುತ್ತಾರೆ.

“ಆ ಮೇಸ್ತ್ರಿ ಏನು ಮಾಡ್ದ ಅಂತ ಗೊತ್ತಾಗ್ಬೇಕು” ಎನ್ನುತ್ತಾರೆ. “ಬರೆಯಕ್ಕಲ್ಲ.”