ಗೊಂಬೆಗೆ ಕೊಟ್ಟ ಬಾಯಿ

ನನ್ನ ಬಾಯಿ ಸರಿಯಿಲ್ಲ. ಇದನ್ನು ಮೊದಲು ಹೇಳಿದವಳು ನನ್ನ ಅತ್ತೆ. ಆಮೇಲೆ ಹೇಳದವರು ಯಾರೂ ಉಳಿಯಲಿಲ್ಲ. ಗಂಡ ತೀರಿಕೊಂಡ ಮೇಲೆ ಸಿರುಗುಪ್ಪೆಯಿಂದ ಬಳ್ಳಾರಿಗೆ ಬಂದೆನಲ್ಲ, ಅಲ್ಲಿ ಹಿಡಿದ ಕೆಲಸವೆಲ್ಲ ಬಾಯಿಯಿಂದಲೇ ಹೋಯಿತು. ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ರೋಗಿಯನ್ನು ನೋಡಲು ಬಂದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಹೋಯಿತು. ಹೂವಿನ ಅಂಗಡಿಯಲ್ಲಿ ಕೂತೆ. ನಿನ್ನೆಯ ಮಲ್ಲಿಗೆಯನ್ನು ನಿನ್ನೆಯದು ಎಂದೆ, ಅದೂ ಹೋಯಿತು. ಇಂಥ ಬಾಯಿಯೇ ಮುಂದೆ ಎಷ್ಟೋ ವರ್ಷ ನನಗೆ ಅನ್ನ ಹಾಕಿತು. ಆದರೆ ನನ್ನ ಮುಖದಲ್ಲಿದ್ದಾಗ ಹಾಕಲಿಲ್ಲ, ಒಂದು ಗೊಂಬೆಯ ಮುಖಕ್ಕೆ ಹೋದ ಮೇಲೆ ಹಾಕಿತು. ಅದನ್ನೇ ಹೇಳುತ್ತೇನೆ, ಕೇಳಿ.

ಅರವತ್ತರ ದಶಕ ಮುಗಿದು ಎಪ್ಪತ್ತು ಹಿಡಿದಿದ್ದ ಕಾಲ. ಬಜಾರಿನ ಅಂಗಡಿಗಳಿಗೆ ಆಗತಾನೇ ಗಾಜಿನ ಕಪಾಟುಗಳು ಬರುತ್ತಿದ್ದವು. ಬಟ್ಟೆ ಅಂಗಡಿಯ ಶೆಟ್ಟರು ಮದರಾಸಿನಿಂದ ಆಳೆತ್ತರದ ಗೊಂಬೆ ತರಿಸಿದರು. ರೈಲಿನಲ್ಲಿ ಬರುವಾಗ ಎರಡು ಬೆರಳು ಮುರಿದಿದ್ದವು. ಅದಕ್ಕೆ ಸೀರೆ ಉಡಿಸಿ ನಿಲ್ಲಿಸಿದರೆ ಎದುರಂಗಡಿಯವರೂ ಒಂದು ತರಿಸಿದರು, ಅವರ ಗೊಂಬೆಗೆ ಬೆರಳೂ ಪೂರಾ ಇದ್ದವು. ಶೆಟ್ಟರಿಗೆ ಹಟ ಬಂತು. ತಮ್ಮ ಗೊಂಬೆ ಮಾತಾಡಬೇಕು ಎಂದರು. ರೇಡಿಯೋ ರಿಪೇರಿ ಮಾಡುತ್ತಿದ್ದ ಖಾದರ್ ಸಾಬರು ಗೊಂಬೆಯ ಎದೆಯೊಳಗೆ ಸ್ಪೀಕರು ಕೂಡಿಸಿ, ಹಿಂದಿನ ಪರದೆಯಾಚೆ ಒಂದು ಮೈಕು ಇಟ್ಟರು. ಮೈಕಿನ ಮುಂದೆ ಕೂರಲು ಒಬ್ಬ ಹೆಂಗಸು ಬೇಕಾಗಿತ್ತು. ನಾನು ಸಿಕ್ಕೆ. ದೀಪಾವಳಿಯವರೆಗೆ ನೋಡುವುದು, ಜನ ನಿಂತರೆ ಸರಿ, ಇಲ್ಲದಿದ್ದರೆ ಗೊಂಬೆ ಮೂಕಿಯಾಗುವುದು, ನಾನು ಮನೆಗೆ ಹೋಗುವುದು ಎಂದು ಮಾತಾಯಿತು. ಮನೆ ಎಂದರೆ ಇದ್ದದ್ದು ಬಾಡಿಗೆಯ ಒಂದು ಕೋಣೆ, ಅದರ ಬಾಡಿಗೆಯೂ ಈ ಗೊಂಬೆಯ ಮೇಲೆಯೇ ನಿಂತಿತ್ತು.

ದಿನಾ ಎಲ್ಲರಿಗಿಂತ ಮೊದಲು ಹೋಗಿ, ಟೈರಿನ ಅಟ್ಟೆಯ ಕೆಂಪು ಪಟ್ಟಿಯ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು, ಪರದೆಯ ಹಿಂದೆ ಬಟ್ಟೆಯ ಗಂಟಿನ ಮೇಲೆ ಕೂರುತ್ತಿದ್ದೆ. ಪರದೆಯಲ್ಲಿ ಕಣ್ಣಳತೆಗೆ ಒಂದು ತೂತು. ಆಡಬೇಕಾದ ಮಾತನ್ನು ಶೆಟ್ಟರ ಭಾವಮೈದುನ, ಸಾಲೆಯ ಮೇಷ್ಟ್ರು, ಬರೆದುಕೊಟ್ಟಿದ್ದರು. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಬಂದಲ್ಲಿ ಈಗಲೂ ನಿಂತು ನೀರು ಕುಡಿಯುವವಳು. ಅವರು ಬಾಯಿಪಾಠ ಮಾಡಿಸಿದರು. ‘ಮಾನ್ಯ ಗ್ರಾಹಕ ಮಹನೀಯರೇ, ತಮಗೆ ಹಾರ್ದಿಕ ಸುಸ್ವಾಗತ’ ಎಂದು ಗೊಂಬೆ ಅಂದಾಕ್ಷಣ ಗಂಡಸರು ಟೋಪಿ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಹೆಂಗಸರು ಕೈ ಮುಗಿಯುತ್ತಿದ್ದರು. ಕೊಳಗಲ್ಲಿನ ಮುದುಕಿಯೊಬ್ಬಳು ಗೊಂಬೆಯ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಇಟ್ಟು, ಏನೂ ಕೊಳ್ಳದೆ ನಡೆದಳು. ಅಷ್ಟು ಸಿಹಿಯಾಗಿ ಮಾತಾಡುವವಳು ದೇವರೇ ಇರಬೇಕು, ದೇವರ ಹತ್ತಿರ ಯಾರಾದರೂ ರವಿಕೆ ಕಣದ ಬೆಲೆ ಕೇಳುತ್ತಾರೆಯೇ!

ಹೀಗೆ ಹದಿನೈದು ದಿನ ಹೋಗಿರಬೇಕು. ಒಂದು ಮಧ್ಯಾಹ್ನ ಹಚ್ಚೊಳ್ಳಿಯ ತಾಯಮ್ಮ ಎನ್ನುವ ಹೆಂಗಸು ಬಂದಳು. ಕಾಲುವೆ ನೀರಿನ ಗದ್ದೆಯವರು, ಸುಗ್ಗಿಯಾದರೆ ಬಸ್ಸು ಹತ್ತಿ ಬಟ್ಟೆಗೆ ಬರುತ್ತಿದ್ದರು. ಸುಸ್ವಾಗತವನ್ನೆಲ್ಲ ಕೇಳಿ ಮುಗಿಸಿ ಅವಳು ಗೊಂಬೆಯ ಗಲ್ಲ ಹಿಂಡಿದಳು.

“ಏನ್ ಬೇ, ಹಿಂಗ ಸೊರಗಿ? ಉಂಡೀಯೋ ಇಲ್ಲೋ?”

ನನಗೆ ಮೇಷ್ಟ್ರ ಪಾಠ ಮರೆತುಹೋಯಿತು. “ಉಂಡೀನಿ. ನೀ ಕೈ ತೊಳಕಂಡು ಮುಟ್ಟು.”

ಅಂಗಡಿಗೆ ಅಂಗಡಿಯೇ ನಕ್ಕಿತು. ಇದೇ ಮಾತನ್ನು ನಾನು ಎದುರು ನಿಂತು ಆಡಿದ್ದರೆ ಅವಳು ನನ್ನ ವಂಶವನ್ನೇ ತೊಳೆಯುತ್ತಿದ್ದಳು. ಗೊಂಬೆ ಆಡಿದ್ದಕ್ಕೆ ನಕ್ಕು, ಕೂತು, ಎರಡು ಸೀರೆ ಕೊಂಡಳು.

ಅಂದು ಬಾಗಿಲು ಹಾಕುವ ಮುಂಚೆ ಗಾದಿಯ ಮೇಲೆ ಪಂಚಾಯಿತಿ ಕೂತಿತು: ಈ ಗೊಂಬೆ ಎಂಥವಳಾಗಿರಬೇಕು? ಯಾರಿಗೂ ಇಲ್ಲ ಅನ್ನಬಾರದು ಎಂದರು ಶೆಟ್ಟರು. ಅವರ ತಾಯಿ, ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು, ಎಲೆಗೆ ಸುಣ್ಣ ಹಚ್ಚುತ್ತ ಮಗನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. “ಆಕಿ ತವರಮನಿ ಯಾವುದು? ಮೊದ್ಲು ಅದನ್ನ ಹೇಳ್ರಿ. ತವರಿಲ್ಲದಾಕಿ ಕೂಡ ಯಾ ಹೆಣ್ಮಗಳು ಮಾತಾಡ್ತಾಳ?” ಎಂದರು. ಸರಿ, ಗೊಂಬೆಯ ತವರು ಕುರುಗೋಡು ಎಂದಾಯಿತು, ನನ್ನದೂ ಅದೇ. ಕೊಟ್ಟ ಊರು ಸಿರುಗುಪ್ಪೆ. ಗಂಡನ ಮೇಲೆ ಮುನಿಸಿಕೊಂಡು ಬಳ್ಳಾರಿಗೆ ಬಂದು ನಿಂತಿದ್ದಾಳೆ. ಆಂಧ್ರದ ಗಿರಾಕಿ ಬಂದರೆ ತೆಲುಗು ಆಡುತ್ತಾಳೆ. ಅನ್ನಕ್ಕಿಂತ ರೊಟ್ಟಿ ಇಷ್ಟ. ಕಟ್ಟು ಕಟ್ಟು ಬಿಚ್ಚಿಸಿ ಕರ್ಚೀಫು ಕೊಳ್ಳುವವರನ್ನು ಕಂಡರೆ ಆಗದು. ಒಬ್ಬರು ಆಡಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಖಾದರ್ ಸಾಬರು ಯಂತ್ರ ಕಾಯುತ್ತದೆ, ನಡುನಡುವೆ ಸುಮ್ಮನಿರಬೇಕು ಎಂದು ತಮ್ಮ ಕಷ್ಟ ಹೇಳಿಕೊಂಡರು. ಅದೂ ಗೊಂಬೆಯ ಗುಣವೇ ಆಯಿತು. ಪ್ರಶ್ನೆ ಕೇಳಿದರೆ ‘ಹ್ಞೂಂ’ ಎಂದು ನಿಲ್ಲುತ್ತಿದ್ದಳು, ಜನ ಅವಳು ಯೋಚಿಸುತ್ತಿದ್ದಾಳೆ ಎಂದುಕೊಂಡರು. ನಾನು ಮಾತಿನ ನಡುವೆ ಉಸಿರು ಬಿಡಲು ಕಲಿತದ್ದು ಆ ಯಂತ್ರ ಬಿಸಿಯಾಗುತ್ತಿದ್ದುದರಿಂದ.

ನಮ್ಮ ಕುರುಗೋಡಿನಲ್ಲಿ ದೊಡ್ಡ ಬಸವಣ್ಣ ಇದ್ದಾನೆ. ಜನ ಅವನ ಕಿವಿಯಲ್ಲಿ ಗುಟ್ಟು ಹೇಳಿ ಬರುತ್ತಾರೆ. ಚಿಕ್ಕವಳಿದ್ದಾಗ ನಾನೂ ಹೇಳಿದ್ದೆ, ಅತ್ತೆ ಒಳ್ಳೆಯವಳು ಸಿಗಲಿ ಎಂದು. ಬಸವಣ್ಣನಿಗೆ ಕೇಳಿಸಿರಲಿಲ್ಲ, ಹೋಗಲಿ. ಆದರೆ ಕಲ್ಲಿನ ಜೊತೆ ಮಾತಾಡುವವರಿಗೆ ಏನು ಬೇಕು ಎನ್ನುವುದು ಪರದೆಯ ಹಿಂದೆ ಕೂತ ಮೇಲೆ ತಿಳಿಯಿತು. ಅವರಿಗೆ ಉತ್ತರದ ಅವಸರವೇನೂ ಇರುವುದಿಲ್ಲ. ಸೊಸೆ ಮಾತು ಬಿಟ್ಟಿದ್ದು, ಎಮ್ಮೆ ಗಬ್ಬವಾಗದ್ದು, ಗಂಡ ಎರಡನೆಯವಳ ಮನೆಗೆ ಹೋಗುವುದು ಎಲ್ಲ ಗೊಂಬೆಯ ಕಿವಿಗೆ ಬಂತು. ಮಾಡುವುದೇನು ಎಂದು ಕೇಳಿದರೆ “ನನಗೇನು ಗೊತ್ತವ್ವ, ನಾ ಗೊಂಬಿ. ಮುಂದ ಹೇಳು” ಎನ್ನುತ್ತಿದ್ದೆ. ಆ ‘ಮುಂದ ಹೇಳು’ ಎನ್ನುವ ಎರಡು ಮಾತು ಜೀವನದಲ್ಲಿ ನಾನು ಯಾರಿಗೂ ಅಂದಿರಲಿಲ್ಲ. ನನ್ನ ಗಂಡನಿಗೆ ಅಂದಿದ್ದರೆ ಅವನೂ ನಾಲ್ಕು ಮಾತು ಹೆಚ್ಚು ಆಡುತ್ತಿದ್ದನೋ ಏನೋ.

ದೀಪಾವಳಿ ಹತ್ತಿರ ಬಂತು. ಅಂಗಡಿಯಲ್ಲಿ ಕೆಂಪು ಸೀರೆಯ ಒಂದು ಗಂಟು ಕೊಳೆಯುತ್ತಿತ್ತು; ನೀರು ಕಂಡರೆ ಬಣ್ಣ ಬಿಡುವ ಮಾಲು. ಅದನ್ನು ಗೊಂಬೆಗೆ ಉಡಿಸಿದ ಶೆಟ್ಟರು ಪರದೆ ಸರಿಸಿ, ಇದು ಖರ್ಚಾದರೆ ನಿನ್ನ ಕೆಲಸ ಗಟ್ಟಿ ಎಂದು ಹೇಳಿ ಹೋದರು. ಆಗದಿದ್ದರೆ ಏನು ಎಂದು ಹೇಳಲಿಲ್ಲ. ಹೇಳುವುದೇನು, ಗೊತ್ತೇ ಇತ್ತು.

ಹಬ್ಬದ ಹಿಂದಿನ ಸಂತೆಯ ದಿನ ಅಂಗಡಿ ತುಂಬ ಜನ. ತಾಯಮ್ಮ ತಂಗಿಯ ಸೀಮಂತಕ್ಕೆಂದು ಅದೇ ಕೆಂಪು ಸೀರೆ ಹಿಡಿದು ಗೊಂಬೆಯ ಮುಂದೆ ನಿಂತಳು.

“ಶೆಟ್ರು ಬಿಡಂಗಿಲ್ಲ ಅಂತಾರ. ನೀನ ಉಟ್ಕಂಡು ನಿಂತೀ. ನೀ ಹೇಳು, ಬಣ್ಣ ಬಿಡತೈತೋ ಇಲ್ಲೋ?”

ಗಾದಿಯ ಮೇಲಿದ್ದವರೆಲ್ಲ ಈ ಕಡೆ ತಿರುಗಿದರು. ಶೆಟ್ಟರು ಕೆಮ್ಮಿದರು. ಆ ಕೆಮ್ಮಿನ ಅರ್ಥ ಪರದೆ ದಾಟಿ ನನಗೆ ತಲುಪಿತು. ಬಿಡುವುದಿಲ್ಲ ಎಂದರೆ ಕೋಣೆಯ ಬಾಡಿಗೆ ನಡೆಯುತ್ತದೆ. ಹೇಗೂ ಗೊಂಬೆ, ಗೊಂಬೆಯನ್ನು ಯಾರು ಜಗಳಕ್ಕೆ ಕರೆಯುತ್ತಾರೆ? ‘ಹ್ಞೂಂ’ ಎಂದೆ. ತೂತಿಗೆ ಕಣ್ಣು ಹಚ್ಚಿ ಶೆಟ್ಟರನ್ನು ನೋಡಿದೆ.

“ನಾ ಇನ್ನ ತೊಳದಿಲ್ಲವ್ವ. ಶೆಟ್ರ ಪಂಚಿ ಬೆಳ್ಳಗೈತಿ. ಹಸಿ ಮಾಡಿ ಅದಕ್ಕ ಒರಸಿ ನೋಡು.”

ಶೆಟ್ಟರ ಕೈ ತಾನಾಗಿಯೇ ಪಂಚೆಯನ್ನು ಹಿಂದಕ್ಕೆಳೆದುಕೊಂಡಿತು. ಇನ್ನು ನೀರು ಯಾತಕ್ಕೆ? ಅವ್ವಾರು ಎಲೆ ಬಾಯಲ್ಲಿಟ್ಟುಕೊಂಡೇ ನಕ್ಕರು, ಆಮೇಲೆ ಉಳಿದವರು. ಶೆಟ್ಟರು ಆ ಸೀರೆಯನ್ನು ಮಡಿಸಿ ಹಿಂದಕ್ಕೆ ಹಾಕಿ, “ಬ್ಯಾರೇದು ತೋರಸ್ತೀನಿ ಬರ್ರಿ ತಾಯಿ” ಎಂದರು. ಮುಖ ಮಾತ್ರ ಸೀರೆಯದೇ ಬಣ್ಣ.

ಸಂಜೆ ನಾನು ಲೆಕ್ಕ ಚುಕ್ತಾ ಆಗುವುದನ್ನು ಕಾಯುತ್ತ ಗಂಟಿನ ಮೇಲೆಯೇ ಕೂತಿದ್ದೆ. ಶೆಟ್ಟರು ಪರದೆಯ ಹತ್ತಿರ ಬಂದರು, ಒಳಗೆ ನೋಡಲಿಲ್ಲ. “ನಾಳೆ ಜಲ್ದಿ ಬಾ. ಆ ಸೀರಿ ಬಿಚ್ಚಿ ಬ್ಯಾರೆ ಉಡಸಬೇಕು” ಎಂದು ಹೋದರು. ಅಷ್ಟೇ. ಹೆಚ್ಚು ಮಾತಾಡುವವರಲ್ಲ ಅವರು. ಅದಕ್ಕೇ ಗೊಂಬೆ ಕೊಂಡದ್ದು.

ಜನ ಕರಗಿದ ಮೇಲೆ ಹೊರಗೆ ಬಂದರೆ ಮೆಟ್ಟಿಲ ಮೇಲೆ ತಾಯಮ್ಮ, ಸಿರುಗುಪ್ಪೆಯ ಬಸ್ಸಿನ ಹೊತ್ತಿಗೆ ಕಾಯುತ್ತ ಕೂತಿದ್ದಳು. ನನ್ನ ಚಪ್ಪಲಿಯನ್ನು ಕಾಲಿನಿಂದ ನನ್ನ ಕಡೆ ಸರಿಸಿದಳು.

“ಇವು ನಿನ್ನವ ಅಲ್ಲೇನು? ಹಾಕ್ಕ.”

ಚಪ್ಪಲಿ ಮೆಟ್ಟಿಕೊಂಡೆ. ಮೈಕಿಲ್ಲದೆ ಅವಳ ಎದುರು ನಿಂತದ್ದು ಅದೇ ಮೊದಲು. ಯಾವಾಗಿನಿಂದ ಗೊತ್ತು ಎಂದೆ.

“ಮೊದ್ಲ ದಿನದಿಂದ. ಎಲ್ಲಾರ ಚಪ್ಪಲಿ ಬರ್ತಾವು ಹೋಗ್ತಾವು, ಇವು ಮಾತ್ರ ಹೋಗಂಗಿಲ್ಲ. ನನಗೊಬ್ಬಾಕಿಗೇನು, ಎಲ್ಲಾರಿಗೂ ಗೊತ್ತೈತಿ.”

“ಮತ್ತ ಗೊಂಬಿ ಕೂಡ ಯಾಕ ಮಾತಾಡ್ತೀರಿ?”

“ನಿನ್ನ ಕೂಡ ಮಾತಾಡಿದ್ರ ನಿನ್ನ ಮಾರಿ ನೋಡಬೇಕಾಕ್ಕೈತಲ್ಲ ಬೇ” ಎಂದು ನಕ್ಕಳು. ಆಮೇಲೆ ಗಂಟು ಎತ್ತಿಕೊಳ್ಳುತ್ತ, “ಇವತ್ತ ನೀ ಸುಳ್ಳ ಹೇಳಿದ್ರ ನಾಳಿಂದ ಅದು ಬರೇ ಗೊಂಬಿ ಆಕ್ಕಿತ್ತು” ಎಂದು ಬಸ್ಸಿನ ಕಡೆ ಹೋದಳು.

ನನಗೆ ಅಳು ಗಿಳು ಬರುವುದಿಲ್ಲ. ಆದರೆ ಅಂದು ಕೋಣೆಗೆ ಹೋಗುವ ದಾರಿಯುದ್ದಕ್ಕೂ ಆ ಹೆಂಗಸರೆಲ್ಲ ನೆನಪಾದರು. ಒಳಗಿರುವುದು ಬಾಯಿಬಡಕಿ ಈರಮ್ಮ ಎಂದು ಗೊತ್ತಿದ್ದೂ, ಗೊತ್ತಿಲ್ಲದವರ ಹಾಗೆ ಗೊಂಬೆಯ ಗಲ್ಲ ಹಿಂಡಿ, ತಮ್ಮ ಮನೆಯ ಮಾತು ಆಡಿ ಹೋದವರು. ನಾನು ಅವರಿಗೆ ಆಟ ಕಟ್ಟುತ್ತಿದ್ದೇನೆ ಎಂದು ಹೆಮ್ಮೆಪಡುತ್ತಿದ್ದೆ. ನನ್ನ ಆಟ ಮುರಿಯದ ಹಾಗೆ ಕಾಯ್ದವರು ಅವರೇ. ಆ ಉಪಕಾರಕ್ಕೆ ನಾನು ಯಾರಿಗೂ ಕೈ ಮುಗಿಯಲಿಲ್ಲ. ಮುಗಿದಿದ್ದರೆ ಆಟ ಕೆಡುತ್ತಿತ್ತು. ಈಗ ಇಲ್ಲಿ ಮುಗಿದಿದ್ದೇನೆ, ಇದ್ದವರು ತಗೊಳ್ಳಿ.

ಮರುದಿನ ಬೆಳಿಗ್ಗೆ ಚಪ್ಪಲಿಯನ್ನು ಒಳಗೆ ಬಚ್ಚಿಡೋಣ ಎಂದು ಕೈಗೆತ್ತಿಕೊಂಡೆ. ಆಮೇಲೆ ಗೊಂಬೆಯ ಕಾಲ ಬಳಿಯೇ, ಎಲ್ಲರಿಗೂ ಕಾಣುವ ಹಾಗೆ ಜೋಡಿಸಿಟ್ಟೆ. ಪಾಪ, ಬಂದಾಗಿನಿಂದ ಅವಳೂ ಬರಿಗಾಲಲ್ಲಿ ನಿಂತಿದ್ದಳು.