ಜೋಡಿ ಒಡೆದು ಕೊಡುತ್ತಿದ್ದ ಚಾಚಾ

೧೯೯೭ರಲ್ಲಿ ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟೆ. ಅದೇ ವರ್ಷ ಇಳಕಲ್ಲಿನ ಬೂಟಿನಂಗಡಿಯ ಚಾಚಾ ನನ್ನ ಎಡಗಾಲನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರು ನಡುವೆ ಸೀಳಿತ್ತು. ಆ ಹೆಬ್ಬೆರಳಿನಿಂದ ಬೂಟಿನ ತುದಿ ಒತ್ತಿ, ಒಳಗೆ ಕಾಲ್ಬೆರಳಿಗೆ ಜಾಗ ಉಳಿದಿದೆಯೇ ಎಂದು ನೋಡುತ್ತಿದ್ದರು. ಜಾಗ ಸಿಗುವ ತನಕ ಡಬ್ಬಿಯ ಮೇಲೆ ಡಬ್ಬಿ ಬಿಚ್ಚುವರು. ಆಮೇಲೂ ಬಿಡುತ್ತಿರಲಿಲ್ಲ. ಮದುವೆಗೆಂದು ಬೂಟು ಕೊಳ್ಳಲು ಬಂದ ಮದುಮಗನನ್ನೂ ಎದುರಿನ ಚಹಾದಂಗಡಿ ತನಕ ಅಡ್ಡಾಡಿಸಿಯೇ ದುಡ್ಡು ಮುಟ್ಟುತ್ತಿದ್ದರು.

ಪೋಲಿಯೊ ಬಂದು ನನ್ನ ಎಡಪಾದ ಬಲಪಾದಕ್ಕಿಂತ ಎರಡು ನಂಬರು ಸಣ್ಣದು. ಅಮೀನಗಡದ ಕರದಂಟಿನ ಅಂಗಡಿಯಲ್ಲಿ ಕಡಾಯಿ ಮುಂದೆ ನಿಲ್ಲುವ ಕೆಲಸ ಹಿಡಿದಿದ್ದೆ. ಬೆಲ್ಲದ ಪಾಕ ಸಿಡಿದರೆ ಬರಿಗಾಲಿನ ಚರ್ಮ ಕಿತ್ತು ಬರುತ್ತದೆ. ಹಾಗಾಗಿ ಯಾರದೋ ಹಳೆಯ ಬೂಟಿನ ಎಡಗಾಲಿಗೆ ಚಿಂದಿ ತುರುಕಿ ನಡೆಯುತ್ತಿದ್ದೆ. ಚಾಚಾ ಆ ಚಿಂದಿಯನ್ನು ಎಳೆದು ಬೀದಿಗೆ ಒಗೆದರು. ಒಂದು ಡಬ್ಬಿಯಿಂದ ಐದನೇ ನಂಬರಿನ ಎಡಗಾಲಿನದು, ಇನ್ನೊಂದರಿಂದ ಏಳನೇ ನಂಬರಿನ ಬಲಗಾಲಿನದು ತೆಗೆದು ಮುಂದಿಟ್ಟರು. ಒಂದೇ ಜೋಡಿಯ ದುಡ್ಡು ತೆಗೆದುಕೊಂಡರು. ಉಳಿದ ಎರಡು ಒಂಟಿಗಳ ಗತಿ ಏನೆಂದು ಕೇಳಿದೆ. ಅವನ್ನು ಒಂದೇ ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸುತ್ತ ಅಂದರು: “ಇಡ್ತೇನಿ ಬೇಟಾ. ಇದಕ್ಕೂ ಒಬ್ಬಾಂವ ಬರ್ತಾನ.”

ಬಂದ. ಗುಳೇದಗುಡ್ಡದ ಒಬ್ಬ ಖಣ ನೇಯುವವನು. ಅವನಿಗೆ ಬಲಪಾದ ಸಣ್ಣದು. ಚಾಚಾ ಅವನನ್ನು ನನ್ನ ಜೋಡಿದಾರ ಎಂದೇ ಕರೆಯುತ್ತಿದ್ದರು. ಮುಂದಿನ ಇಪ್ಪತ್ತೈದು ವರ್ಷ ನಾವಿಬ್ಬರೂ ಎರಡೆರಡು ಜೋಡಿ ಹಂಚಿಕೊಂಡು ಹಾಕಿದೆವು, ಒಮ್ಮೆಯೂ ಮುಖ ನೋಡಲಿಲ್ಲ. ನಾನು ಹೊಸದು ಒಯ್ಯಲು ತಡಮಾಡಿದರೆ ಚಾಚಾ ಕಾಡುತ್ತಿದ್ದರು: “ಇನ್ನ ಎಷ್ಟಂತ ಸವಸ್ತೀಲೇ? ನಿನ್ನ ಜೋಡಿದಾರ ಅಲ್ಲಿ ಬರಿಗಾಲಾಗ ಕುಂತಾನ.” ಅವರು ಕೊಟ್ಟ ಬೂಟಿನಲ್ಲಿ ನಿಂತೇ ನಾನು ಅಮೀನಗಡದಲ್ಲಿ ಸ್ವಂತ ಅಂಗಡಿ ಕಟ್ಟಿದೆ.

ಸಕ್ಕರೆ ಕಾಯಿಲೆ ಚಾಚಾ ಅವರ ಎಡಗಾಲನ್ನು ಹಿಡಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಅಂಗಡಿ ಮುಚ್ಚಿತು. ಉಳಿದ ಬಲಗಾಲು ಬಾತು ಅಗಲವಾಗಿತ್ತು. ಮೆತ್ತನೆಯ ಅಗಲದ ಬೂಟಿಲ್ಲದೆ ಅದನ್ನು ನೆಲಕ್ಕೆ ಇಡಕೂಡದು ಎಂದು ಡಾಕ್ಟರು ಹೇಳಿದ್ದರು. ರಮಜಾನ್ ತಿಂಗಳಲ್ಲಿ ನೋಡಲು ಹೋದಾಗ ಚಾಚಾ ಒಂದೇ ಆಸೆ ಹೇಳಿದರು.

“ಮುಂದ ಮಂದಿ ಹೆಗಲ ಮ್ಯಾಲ ಹೋಗೂದು ಇದ್ದದ್ದ ಐತಿ. ಈ ಹಬ್ಬಕ್ಕ ಈದ್ಗಾಕ್ಕ ವಾಕರ್ ಹಿಡದಾದ್ರೂ ನಡದ ಹೋಗ್ತೇನಿ.”

ಬೂಟು ನಾನು ತರುತ್ತೇನೆ ಎಂದು ಮಾತು ಕೊಟ್ಟೆ. ಇಳಕಲ್, ಹುನಗುಂದ, ಬಾಗಲಕೋಟೆ ಎಲ್ಲ ತಿರುಗಿದೆ. ಅಂಥದ್ದನ್ನು ಫೋನಿನಲ್ಲೇ ತರಿಸಬೇಕು ಎಂದರು ಅಂಗಡಿಯವರು.

ಫೋನಿನ ಆ ದೊಡ್ಡ ಅಂಗಡಿಯಲ್ಲಿ ಬೂಟಿಗೆ ಬರವಿಲ್ಲ. ಅಗಲದ್ದು ಕೇಳಿದರೆ ಓಡುವವರ ಬೂಟು ತೋರಿಸಿತು, ದೀಪ ಹತ್ತುವ ಮಕ್ಕಳ ಬೂಟು ತೋರಿಸಿತು, ಗೋಡೆ ಗಡಿಯಾರವನ್ನೂ ತೋರಿಸಿತು. ಒಂದನ್ನು ತೆರೆದು ನೋಡಿ ಹಿಂದಕ್ಕೆ ಬಂದರೆ ಮತ್ತೆ ಮೊದಲಿನಿಂದ ಹುಡುಕಬೇಕು. ಇನ್ನೆರಡೇ ಉಳಿದಿವೆ ಎಂದು ಕೆಂಪಕ್ಷರದಲ್ಲಿ ಹೆದರಿಸಿತು. ಕೊಳ್ಳುವ ಗುಂಡಿ ಎಲ್ಲಿ ನೋಡಿದರೂ ಇತ್ತು, ಕೇಳುವ ಗುಂಡಿ ಮಾತ್ರ ಎಲ್ಲಿಯೂ ಇರಲಿಲ್ಲ.

ಕೊನೆಗೆ ಅಗಲದ್ದೆಂದು ಬರೆದ ಒಂದು ಜೋಡಿ ತರಿಸಿ, ಅದನ್ನು ಹಿಡಿದು ಬಸ್ಸು ಹತ್ತಿ ಇಳಕಲ್ಲಿಗೆ ಹೋದೆ. ಚಾಚಾ ಹಾಕಿಕೊಂಡು, ಬಗ್ಗಿ, ಹೆಬ್ಬೆರಳು ಒತ್ತಿದರು. “ಜಾಗಾ ಇಲ್ಲ ಬೇಟಾ. ಬಲಗಾಲಿಂದು ಬದಲಿಸಿ ತಾ. ಎಡಗಾಲಿಂದು ಯಾಕ ಕಳಸ್ತಿ? ಇಲ್ಲೇ ಇರಲಿ. ಅದಕ್ಕೂ ಒಬ್ಬಾಂವ ಬರ್ತಾನ.”

ಹಾಗೇ ಮಾಡಿದೆ. ಎಡಗಾಲಿನದನ್ನು ಅವರ ಮಂಚದ ಕೆಳಗೆ ಇಟ್ಟು, ಬಲಗಾಲಿನದನ್ನು ಮಾತ್ರ ಡಬ್ಬಿಗೆ ಹಾಕಿಕೊಂಡು ಬಂದೆ. ವಾಪಸು ಯಾಕೆ, ಕಾರಣ ಆರಿಸು ಎಂದಿತು ಫೋನು. ಬಣ್ಣ ಬೇರೆ, ಮನಸ್ಸು ಬದಲಾಯಿತು, ಚಿಕ್ಕದಾಯಿತು. ಮನುಷ್ಯನಿಗೆ ಒಂದೇ ಕಾಲಿದೆ ಎಂಬುದು ಅದರಲ್ಲಿ ಇರಲಿಲ್ಲ. ಚಿಕ್ಕದಾಯಿತು ಎಂದು ಒತ್ತಿದೆ. ಒಯ್ಯಲು ಬಂದವನು ಡಬ್ಬಿ ಬಿಚ್ಚಿ, ಫೋನಿನಲ್ಲಿದ್ದ ಚಿತ್ರ ನೋಡಿ, ಇನ್ನೊಂದು ಎಲ್ಲಿ ಎಂದ. ಚಾಚಾ ಅವರ ವಿಷಯ ಎಲ್ಲ ಹೇಳಿದೆ. ಪಾಪ, ನಿಂತು ಕೇಳಿದ.

“ನೀವ್ ಹೇಳೂದು ಖರೆ ಐತ್ರಿ ಅಣ್ಣಾರ. ಆದ್ರ ಇದರಾಗ ಒಂದಕ್ಕ ಜಾಗಾ ಇಲ್ಲ,” ಎಂದು ಫೋನು ನನ್ನ ಕಡೆ ತಿರುಗಿಸಿ ತೋರಿಸಿದ. ಒಯ್ಯದೆ ಹೋದ.

ಸಹಾಯ ಎಂದು ಬರೆದಲ್ಲಿ ಒತ್ತಿದೆ. ಯಂತ್ರ ನಾಲ್ಕು ಪ್ರಶ್ನೆ ಇಟ್ಟಿತು, ನನ್ನದು ಅದರಲ್ಲಿ ಇರಲಿಲ್ಲ. ಯಾವುದನ್ನು ಒತ್ತಿದರೂ ತಿರುಗಿ ಅವೇ ನಾಲ್ಕು. ಆ ಜಗಳ ಬಿಟ್ಟು, ಇನ್ನೂ ಅಗಲದ ಬೇರೆ ಜೋಡಿ ತರಿಸಿದೆ. ಹಬ್ಬಕ್ಕೆ ಮೊದಲೇ ಬರುತ್ತದೆ ಎಂದಿತು. ಆಮೇಲೆ ನಾಳೆ ಎಂದಿತು, ಮರುದಿನ ಮತ್ತೆ ನಾಳೆ ಎಂದಿತು. ಚಾಚಾ ದಿನಾಲು ಫೋನ್ ಮಾಡಿ ಬಂತೇನು ಎಂದು ಕೇಳುತ್ತಿದ್ದರು. ಹಬ್ಬಕ್ಕೆ ಎರಡು ದಿನ ಇರುವಾಗ ಬಂದ ಫೋನು ಅವರದಾಗಿರಲಿಲ್ಲ, ಚಾಚಿಯದು.

ಅವರ ಬಾಗಿಲಿನ ಮುಂದೆ ಬಿಚ್ಚಿಟ್ಟ ಚಪ್ಪಲಿಗಳ ರಾಶಿಯಲ್ಲಿ ನನ್ನ ಬೂಟಿನಂಥದ್ದೇ ಒಂದು ಜೋಡಿ ಕಂಡಿತು. ಎಡಗಾಲಿನದು ದೊಡ್ಡದು, ಬಲಗಾಲಿನದು ಸಣ್ಣದು. ನನ್ನವನ್ನು ಬಿಚ್ಚಿ ಅದರ ಪಕ್ಕದಲ್ಲಿ ಇಟ್ಟೆ. ಒಳಗಿನಿಂದ ಕುಂಟುತ್ತ ಬಂದ ಒಬ್ಬ ಮನುಷ್ಯ ಆ ನಾಲ್ಕನ್ನೂ ನೋಡಿ ಹೊಸ್ತಿಲಲ್ಲೇ ನಿಂತ.

“ನೀವೇನ್ರಿ?” ಎಂದ.

“ಹೂಂನ್ರಿ, ನಾನ,” ಎಂದೆ.

ಚಾಚಾ ಅವರಿಗೆ ಇಬ್ಬರೂ ಹೆಗಲು ಕೊಟ್ಟೆವು. ಅವನ ಕುಂಟು ಒಂದು ಕಡೆ, ನನ್ನದು ಇನ್ನೊಂದು ಕಡೆ. ಜನಾಜಾ ಓಲಾಡುತ್ತದೆಂದು ನಾಲ್ಕು ಹೆಜ್ಜೆಗೇ ನಮ್ಮಿಬ್ಬರನ್ನೂ ಬಿಡಿಸಿ ಬೇರೆಯವರು ಹೆಗಲು ಕೊಟ್ಟರು. ನಾವು ಹಿಂದೆ ಹಿಂದೆ ನಡೆದೆವು.

ಹಬ್ಬದ ಮರುದಿನ ಬೂಟು ಬಂದವು. ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಫೋನು ಕೇಳಿತು. ಬಲಗಾಲಿನದನ್ನು ಹೊರಗೆ ತೆಗೆದು, ಒಳಗೆ ಒಂದು ಕೈ ಹಾಕಿ, ಮೇಲಿನಿಂದ ಹೆಬ್ಬೆರಳು ಒತ್ತಿ ನೋಡಿದೆ. ಜಾಗ ಇತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಚಾಚಾ ಕೊಟ್ಟ ಕೊನೆಯ ಜೋಡಿ ಒಂದು, ಹಿಮ್ಮಡಿ ಸವೆದದ್ದು. ಗುಳೇದಗುಡ್ಡದಲ್ಲಿ ಜೋಡಿದಾರ ಒಬ್ಬ. ಇಕ್ಕಟ್ಟಿನ ಬೂಟು ಒಂದು, ಬಲಗಾಲಿನದು; ಅದರ ಎಡಗಾಲಿನದು ಚಾಚಾ ಅವರ ಮಂಚದ ಕೆಳಗೇ ಇದೆ. ಅಗಲದ ಬೂಟು ಎರಡು, ಎಡಗಾಲಿನದೊಂದು, ಬಲಗಾಲಿನದೊಂದು.